ಅಲುಗಬಾರದಿದ್ದ ದೀಪ

ನಮ್ಮವ್ವ ಎಪ್ಪತ್ತು ದಾಟಿದ ಮೇಲೆ ಪುಸ್ತಕ ಬರೆಯಲು ಕುಳಿತಳು. ಒಬ್ಬಳೇ ಅಲ್ಲ, ಸವಣೂರಿನ ಮೌಶಿಯ ಜೊತೆ. ತಾಯಿಯ ತಂಗಿಗೆ ನಮ್ಮಲ್ಲಿ ಮೌಶಿ ಅನ್ನುತ್ತಾರೆ. ಈ ಮೌಶಿ ಮಾತ್ರ ರಕ್ತಸಂಬಂಧದವರಲ್ಲ. ಅವ್ವ ಶಿಗ್ಗಾವಿಯ ಕನ್ನಡ ಶಾಲೆಯಲ್ಲಿ ಅಕ್ಕೋರಾಗಿದ್ದಾಗ ಪಕ್ಕದ ವರ್ಗಕ್ಕೆ ಪಾಠ ಹೇಳುತ್ತಿದ್ದವರು, ಪಕ್ಕದ ಮನೆಯಲ್ಲೇ ಬಾಡಿಗೆಗೆ ಇದ್ದವರು. ನಮ್ಮದು ಮಡಿ ಮಾಡುವ ವೈಷ್ಣವರ ಮನೆ, ಅವರದು ಮುಸಲ್ಮಾನರ ಮನೆ, ನಡುವೆ ಒಂದೇ ಗೋಡೆ. ನಾನು ಹುಟ್ಟಿದ್ದು ಆ ಗೋಡೆಯ ಈಚೆಗೆ. ನಿವೃತ್ತಿಯಾದ ಮೇಲೆ ಮೌಶಿ ಸವಣೂರಿಗೆ ಮಗನ ಮನೆಗೆ ಹೋದರು, ಅವ್ವ ಹಾನಗಲ್ಲಿಗೆ ನನ್ನ ಹತ್ತಿರ ಬಂದಳು. ಗೋಡೆಯ ಜಾಗಕ್ಕೆ ಫೋನು ಬಂತು. ಬೆಳಿಗ್ಗೆ ಅವ್ವನ ಪೂಜೆ, ಮೌಶಿಯ ನಮಾಜು ಮುಗಿದವೆಂದರೆ ಫೋನು ಶುರು.

ಪುಸ್ತಕದ ವಿಷಯ ಬಾಣಂತನ. ಯಾರ ಮನೆಯಲ್ಲಿ ಬಾಣಂತಿಗೆ ಏನು ತಿನ್ನಿಸುತ್ತಿದ್ದರು, ಕೂಸಿಗೆ ಹೇಗೆ ನೀರು ಹಾಕುತ್ತಿದ್ದರು, ಅಂಟಿನುಂಡಿಗೆ ಕೊಬ್ಬರಿ ಎಷ್ಟು, ಅಳವಿ ಬೀಜದ ಪಾಯಸ ಯಾವಾಗ, ಲೋಬಾನದ ಹೊಗೆ ಹೇಗೆ, ತೊಟ್ಟಿಲ ಮುಂದೆ ಏನು ಹಾಡುತ್ತಿದ್ದರು, ಇಂಥವನ್ನೆಲ್ಲ ಕೇಳಿ ಬರೆಯುವುದು. ಇಬ್ಬರೂ ಸೇರಿ ತಿಳವಳ್ಳಿ, ಹುಲಗೂರು, ಹಿರೇಕೆರೂರಿನ ಕಡೆಯ ಹಳ್ಳಿಗಳು ಎಂದು ಬಸ್ಸಿನಲ್ಲಿ ಅಲೆದರು. ಮೊಣಕಾಲು ನೋವೆಂದು ನಮ್ಮ ಮನೆಯ ಎರಡು ಮೆಟ್ಟಿಲಿಗೆ ನರಳುವ ಅವ್ವ ಬಾಣಂತಿಯರ ಮನೆ ಹುಡುಕಿಕೊಂಡು ಹೋಗುವಾಗ ಮಾತ್ರ ಹುಡುಗಿಯ ಹಾಗೆ ನಡೆಯುತ್ತಿದ್ದಳು. ಎಲ್ಲ ಕಡೆ ಕೇಳುವವರು ಮೌಶಿ, ನಡುವೆ ಬಾಯಿ ಹಾಕಿ ತಿದ್ದುವವಳು ಅವ್ವ. ಹುಲಗೂರಿನ ಒಬ್ಬ ಮುದುಕಿ, "ನೀವಿಬ್ರೂ ಅಕ್ಕ ತಂಗೇರೇನ್ರಿ? ಹಂಗಽ ಜಗಳಾಡ್ತೀರಿ" ಅಂದಿದ್ದಳಂತೆ. ಅದನ್ನು ಇಬ್ಬರೂ ಬೇರೆ ಬೇರೆಯಾಗಿ ನನಗೆ ಹೇಳಿ ನಕ್ಕಿದ್ದರು.

ಬರೆದದ್ದನ್ನು ಒಂದೇ ಕಡೆ ಇಡಲು ಅವರು ಹಂಚಿಕೊಂಡು ಬರೆಯುವ ಸಾಫ್ಟ್‌ವೇರ್ ಒಂದನ್ನು ಹಿಡಿದಿದ್ದರು. ಯಾವುದೋ ಸಣ್ಣ ಕಂಪನಿಯದು, ಪುಕ್ಕಟೆ, ಕನ್ನಡ ಚೆನ್ನಾಗಿ ಮೂಡುತ್ತದೆ ಎಂದು ಯಾರೋ ಹೇಳಿದ್ದರಂತೆ. ಇಲ್ಲಿ ಅವ್ವ ಬರೆದ ಅಕ್ಷರ ಅಲ್ಲಿ ಮೌಶಿಗೆ ಆ ಕ್ಷಣವೇ ಕಾಣುತ್ತದೆ, ಅಲ್ಲಿ ಅವರು ತಿದ್ದಿದ್ದು ಇಲ್ಲಿ ಕಾಣುತ್ತದೆ. ಯಾರು ಯಾವಾಗ ಏನು ಬರೆದರು, ಏನು ಅಳಿಸಿದರು ಎಂಬುದನ್ನೂ ಅದು ಹೆಸರು ಸಮೇತ ಪಕ್ಕದಲ್ಲಿ ತೋರಿಸುತ್ತದೆ. ನನಗೆ ಅದರ ಹತ್ತಿರ ಸುಳಿಯಲು ಬಿಟ್ಟಿರಲಿಲ್ಲ. "ಪೂರಾ ಆದಮ್ಯಾಲೆ ಓದೀಯಂತ. ನಡುವ ಇಣುಕಿ ನೋಡೂ ಚಟಾ ಬ್ಯಾಡ" ಎಂದು ಅವ್ವ ನನ್ನ ಹಳೆಯ ಲ್ಯಾಪ್‌ಟಾಪ್ ಇಸಿದುಕೊಂಡು ಊಟದ ಮನೆಯ ಟೇಬಲ್ಲನ್ನು ಆಕ್ರಮಿಸಿಕೊಂಡಿದ್ದಳು.

ಇಣುಕಿ ನೋಡುವುದು ನನ್ನ ಚಟವಲ್ಲ, ಹೊಟ್ಟೆಪಾಡು. ಕಂಪನಿಗಳು ತಮ್ಮ ವೆಬ್‌ಸೈಟು ಭದ್ರವಾಗಿದೆಯೋ ಇಲ್ಲವೋ ಎಂದು ನಮ್ಮಂಥವರಿಂದ ಪರೀಕ್ಷೆ ಮಾಡಿಸುತ್ತವೆ. ಊರವರ ಮನೆಯ ಬಾಗಿಲನ್ನೆಲ್ಲ ತಳ್ಳಿ ನೋಡಿ, ಚಿಲಕ ಸಡಿಲಾಗಿದ್ದರೆ ಮಾಲೀಕನಿಗೆ ಹೇಳಿ ಬರುವ ಕೆಲಸ ಅನ್ನಿ. ಈ ಕೆಲಸ ಮನುಷ್ಯನ ಸ್ವಭಾವ ಕೆಡಿಸುತ್ತದೆ. ಯಾರು ಏನು ತೋರಿಸಿದರೂ ಮೊದಲು ಅದರಲ್ಲಿ ಏನು ಕೆಟ್ಟಿರಬಹುದು ಎಂದೇ ನೋಡುತ್ತೇನೆ. ನೆಂಟರು ಮಗುವಿನ ಫೋಟೋ ಕಳಿಸಿದರೆ ಹಿಂದೆ ಗೋಡೆಯ ಮೇಲೆ ಬರೆದ ಪಾಸ್‌ವರ್ಡ್ ಓದುವವಳು ನಾನು. ಮಂದಿಗೆ ನನ್ನ ಮೇಲೆ ಸಿಟ್ಟು, ನನಗೆ ಮಂದಿಯ ಮೇಲೆ ಸಿಟ್ಟು. ಅವ್ವ ನನ್ನನ್ನು ದೂರ ಇಟ್ಟಿದ್ದರಲ್ಲಿ ತಪ್ಪೇನೂ ಇಲ್ಲ.

ಇಬ್ಬರಿಗೂ ಒಂದು ರೂಢಿ ಇತ್ತು. ಖಾಲಿ ಹಾಳೆಯ ಮೇಲೆ ಸುಮ್ಮನೆ ಬರೆಯಲು ಶುರುಮಾಡುವಂತಿಲ್ಲ. ಅವ್ವ ಮೊದಲು ಮೇಲೆ ನಡುವಿಗೆ ಶ್ರೀ ಬರೆಯಬೇಕು, ಮೌಶಿ ಎಡಗಡೆ ಬಿಸ್ಮಿಲ್ಲಾದ ಅಂಕಿ ೭೮೬ ಬರೆಯಬೇಕು. ಶಾಲೆಯ ಪಾಠದ ಟಿಪ್ಪಣಿಯಿಂದ ಹಿಡಿದು ಕಿರಾಣಿ ಚೀಟಿಯ ತನಕ ಇದು ತಪ್ಪಿದ್ದಿಲ್ಲ. ಈ ಪುಸ್ತಕದಲ್ಲೂ ಹಾಗೆಯೇ ಆಯಿತು. ಅವ್ವ ಬರೆದ ಅಧ್ಯಾಯಗಳ ನೆತ್ತಿಗೆ ಶ್ರೀ, ಮೌಶಿಯ ಅಧ್ಯಾಯಗಳ ನೆತ್ತಿಗೆ ೭೮೬. ನಡುವೆ ದೀಪಾವಳಿ ಬಂತು. ಫೋನಿಗೆ ಬಂದ ಯಾವುದೋ ಶುಭಾಶಯವನ್ನು ಒತ್ತಿದಾಗ ಒಂದು ವೆಬ್‌ಸೈಟು ತೆರೆದು, ಅಲ್ಲಿ ಶ್ರೀಕಾರದ ಕೆಳಗೆ ಒಂದು ನಂದಾದೀಪ ಮಿಣಿಮಿಣಿ ಉರಿಯುತ್ತಿತ್ತು. ಕೆಳಗೆ, 'ಈ ದೀಪವನ್ನು ನಿಮ್ಮ ಪುಟದಲ್ಲೂ ಹಚ್ಚಿರಿ' ಎಂಬ ಗುಂಡಿ. ಒತ್ತಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ನಾಲ್ಕಾರು ಸಾಲು ಬರುತ್ತಿದ್ದವು. ಅದನ್ನು ಹಾಗೇ ಎತ್ತಿ ತನ್ನ ಪುಟದ ಮೇಲೆ ಇಟ್ಟರೆ ದೀಪ ಅಲ್ಲೂ ಉರಿಯುತ್ತಿತ್ತು.

ಅವ್ವನಿಗೆ ಆದ ಸಂತೋಷ ಹೇಳತೀರದು. ಬರೆದ ಶ್ರೀಗಳನ್ನೆಲ್ಲ ತೆಗೆದು ತನ್ನ ಪ್ರತಿ ಅಧ್ಯಾಯದ ಮೇಲೂ ದೀಪ ಹಚ್ಚಿದಳು. "ಹಾನಗಲ್ಲಿನ್ಯಾಗ ಹಚ್ಚಿದ್ರ ಸವಣೂರಿನ್ಯಾಗ ಉರೀತದ ನೋಡು!" ಎಂದು ಫೋನಿನಲ್ಲಿ ಕೂಗಿ ಹೇಳುತ್ತಿದ್ದದ್ದು ಒಳಗೆ ಕೆಲಸ ಮಾಡುತ್ತಿದ್ದ ನನ್ನ ಕಿವಿಗೂ ಬಿತ್ತು. ಯಾವುದೋ ಚಿತ್ರದ ಮಾತು ಎಂದುಕೊಂಡೆ. ದೀಪ ನಿಜವಾಗಿ ಅಲುಗುತ್ತದೆ ಎಂದು ನನಗೆ ಹೇಗೆ ಗೊತ್ತಾಗಬೇಕು?

ಚಳಿ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವ್ವ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಬಾ ಇಲ್ಲೆ, ನೋಡು" ಅಂದಳು. ಕರೆದ ಧ್ವನಿಯಲ್ಲಿ ಜೀವವಿರಲಿಲ್ಲ. ಊಟದ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ತೆರೆದಿತ್ತು. ಅವ್ವನ ಅಧ್ಯಾಯಗಳು ಒಂದೂ ಇರಲಿಲ್ಲ. ಬರೀ ಬಿಳಿ ಹಾಳೆ. ಮೌಶಿಯ ಅಧ್ಯಾಯಗಳು ಮಾತ್ರ ಒಂದಕ್ಷರ ಕದಲದೆ ಇದ್ದವು. ಪಕ್ಕದಲ್ಲಿ, ಯಾರು ಏನು ಮಾಡಿದರೆಂದು ತೋರಿಸುವ ಕಡೆ, ಅವ್ವನ ಒಂದೊಂದು ಅಧ್ಯಾಯಕ್ಕೂ ಒಂದೊಂದು ಸಲ ಬರೆದಿತ್ತು: ಅಳಿಸಿದವರು, ಸವಣೂರಿನ ಮೌಶಿ. ಅವತ್ತಿನದೇ ಬೆಳಗಿನ ಹೊತ್ತು, ಅವರು ನಮಾಜು ಮುಗಿಸಿ ಬರೆಯಲು ಕೂರುವ ಹೊತ್ತು.

"ಆಕಿ ಅಳಸ್ಯಾಳ" ಅಂದಳು ಅವ್ವ.

"ಮೌಶಿ ಯಾಕ ಅಳಸ್ತಾರ?"

"ಯಾಕ ಅಂತ ಆಕಿಗೂ ಗೊತ್ತದ, ನನಗೂ ಗೊತ್ತದ."

ಅಷ್ಟರಲ್ಲಿ ಅವ್ವನ ಫೋನು ಬಡಿದುಕೊಳ್ಳತೊಡಗಿತು. ಮೌಶಿಯದೇ, ದಿನದ ವೇಳೆಗೆ ಸರಿಯಾಗಿ. ಅವ್ವ ಎತ್ತಲಿಲ್ಲ. ಅಳುವ ಕೂಸಿನ ಬಾಯಿ ಮುಚ್ಚಿದ ಹಾಗೆ ಅದರ ಮೇಲೆ ಅಂಗೈ ಇಟ್ಟು, ಅದು ಸುಮ್ಮನಾಗುವ ತನಕ ಕುಳಿತಳು. ಅವ್ವ ಆ ಫೋನು ಎತ್ತದೆ ಇದ್ದದ್ದನ್ನು ನಾನು ಅದೇ ಮೊದಲು ಕಂಡದ್ದು. ಅಪ್ಪ ತೀರಿಕೊಂಡ ದಿನವೂ ಎತ್ತಿದ್ದಳು.

ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಕೊಂಡೆ. ಖಾಲಿ ಪುಟದ ನೆತ್ತಿಯ ಮೇಲೆ ದೀಪ ಉರಿಯುತ್ತಿತ್ತು. ಗಾಳಿಗೆ ಅಲುಗಿದಂತೆ ಅಲುಗುತ್ತಿತ್ತು. ಮಂದಿ ಅದನ್ನು ನೋಡಿದರೆ ಕೈ ಮುಗಿಯುತ್ತಾರೋ ಏನೋ, ನಾನು ಅದರ ಹಿಂದಿನ ಸಾಲುಗಳನ್ನು ತೆರೆದೆ. ಅದು ಅಲುಗಬಾರದಿತ್ತು.

ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕಷ್ಟವೇನಿಲ್ಲ. ಅವ್ವ ಎತ್ತಿ ತಂದ ಆ ಇಂಗ್ಲಿಷ್ ಸಾಲುಗಳು ಬರಹವಲ್ಲ, ಕಂಪ್ಯೂಟರಿಗೆ ಕೊಟ್ಟ ಆಜ್ಞೆ. ಇಂಥಲ್ಲಿಂದ ದೀಪ ತಾ, ಹೀಗೆ ಅಲುಗಿಸು, ಇನ್ನೇನಾದರೂ ಹೇಳಿದರೆ ಅದನ್ನೂ ಮಾಡು ಎಂಬ ಆಜ್ಞೆ. ನಾಲ್ಕು ಜನ ಸೇರಿ ಬರೆಯುವ ಸಾಫ್ಟ್‌ವೇರು ಇಂಥದ್ದನ್ನು ಬಾಗಿಲಲ್ಲೇ ತಡೆಯಬೇಕು. ಆಜ್ಞೆಯನ್ನು ಸೋಸಿ ತೆಗೆದು ಬರೀ ಅಕ್ಷರ ಉಳಿಸಬೇಕು. ಇದು ಸೋಸಿರಲಿಲ್ಲ. ಹಾಗಾದಾಗ ಪುಟವನ್ನು ಯಾರು ತೆರೆಯುತ್ತಾರೋ ಅವರ ಕಂಪ್ಯೂಟರು, ಇದು ನಮ್ಮ ಯಜಮಾನರೇ ಹೇಳಿದ್ದು ಎಂದು ತಿಳಿದು ಆಜ್ಞೆ ಪಾಲಿಸುತ್ತದೆ. ಮಾಡಿದ್ದೆಲ್ಲ ತೆರೆದವರ ಹೆಸರಿಗೆ ಬೀಳುತ್ತದೆ. ಕ್ರಾಸ್-ಸೈಟ್ ಸ್ಕ್ರಿಪ್ಟಿಂಗ್ ಅನ್ನುತ್ತಾರೆ, ನಮ್ಮ ಉದ್ಯೋಗದಲ್ಲಿ ಹಳೆಯ ಜಡ್ಡು.

ಆ ಸಾಲುಗಳ ಜಾಡು ಹಿಡಿದು ಹೋದಾಗ ಗೊತ್ತಾಯಿತು: ಅಷ್ಟು ದಿನ ಆ ಶುಭಾಶಯದ ವೆಬ್‌ಸೈಟು ಬರೀ ದೀಪ ಕಳಿಸುತ್ತಿತ್ತು. ಹಿಂದಿನ ದಿನ ಅದರ ಮಾಲೀಕರು ದೀಪದ ಕೆಳಗೆ ಜಾಹೀರಾತು ಹಾಕಲು ಹೊರಟು, ಅದಕ್ಕೆ ಜಾಗ ಮಾಡಲು ದೀಪದ ಕೆಳಗಿರುವುದನ್ನೆಲ್ಲ ತೆಗೆದುಹಾಕು ಎಂದು ಆಜ್ಞೆ ಬದಲಿಸಿದ್ದರು. ಮರುದಿನ ಬೆಳಿಗ್ಗೆ ಅಧ್ಯಾಯದ ಪುಟಗಳನ್ನು ಮೊದಲು ಒಂದೊಂದಾಗಿ ತೆರೆದವರು ಮೌಶಿ. ಅವರ ಕಣ್ಣೆದುರೇ ಅವರ ಹೆಸರಿನಲ್ಲಿ ಅವ್ವನ ಬರಹ ಅಳಿಸಿಹೋಗಿದೆ. ಅವರ ಅಧ್ಯಾಯಗಳ ಮೇಲೆ ಇದ್ದದ್ದು ಬರೀ ಮೂರು ಅಂಕಿ, ಅವಕ್ಕೆ ಏನೂ ಆಗಲಿಲ್ಲ.

ಹಳೆಯ ಪ್ರತಿ ಸಾಫ್ಟ್‌ವೇರಿನಲ್ಲಿ ಉಳಿದಿತ್ತು. ಅವ್ವನ ಬರಹವನ್ನೆಲ್ಲ ಮರಳಿ ತರುವುದಕ್ಕೆ ಚಹಾ ಆರುವಷ್ಟು ಹೊತ್ತು ಕೂಡ ಬೇಕಾಗಲಿಲ್ಲ. ಆದರೆ ದೀಪ ತೆಗೆಯದೆ ತಂದಿಟ್ಟರೆ ಮತ್ತೆ ಅಳಿಸಿಹೋಗುತ್ತದೆ. "ದೀಪ ತಗೀಬೇಕವ್ವಾ" ಅಂದೆ.

"ಹಚ್ಚಿದ ದೀಪಾ ನನ್ನ ಕೈಯಾರೆ ಶಾಂತ ಮಾಡಂಗಿಲ್ಲ."

"ಅದು ದೀಪ ಅಲ್ಲ. ಕಳ್ಳ ಅದು."

"ಬಾಯಿ ಬಿಗಿ ಹಿಡಿ. ದೇವರ ಹೆಸರಿನ್ಯಾಗ ಇಟ್ಟದ್ದು."

ಅವಳನ್ನು ಕೇಳುತ್ತ ಕೂರದೆ ನಾನೇ ಎಲ್ಲ ದೀಪ ಕಿತ್ತುಹಾಕಿ ಬರೀ ಶ್ರೀ ಬರೆದೆ. ಆಮೇಲೆ ಬೇರೆ ಒಂದು ಪುಟ ಮಾಡಿ, ಅದರಲ್ಲಿ ಏನೋ ನಾಲ್ಕು ಸಾಲು ಬರೆದು, ಮೇಲೆ ಅದೇ ದೀಪ ಇಟ್ಟು, ಅವ್ವನ ಕೈಯಿಂದಲೇ ತೆರೆಸಿದೆ. ಕಣ್ಣು ಮಿಟುಕಿಸುವುದರೊಳಗೆ ಸಾಲುಗಳು ಮಾಯ. ಪಕ್ಕದಲ್ಲಿ ಬಂತು: ಅಳಿಸಿದವರು, ನಮ್ಮವ್ವ.

"ನೋಡಿದ್ಯಾ? ನೀ ಅಳಸಿದೇನು? ನಿನ್ನ ಹೆಸರು ಬಂತಲ್ಲ. ಮೌಶಿಗೂ ಹಿಂಗಽ ಆಗೇದ."

ಅವ್ವ ಬಗ್ಗಿ ತನ್ನ ಹೆಸರನ್ನು ಓದಿದಳು. ನಂಬಿದಳು ಎಂದುಕೊಂಡೆ. ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಅಂದಳು, "ನೀ ಏನರ ಮಾಡಿ ತೋರಸ್ತಿ. ನಿನ್ನ ಉದ್ಯೋಗನ ಅದು. ನಾ ಆಕೀದೊಂದು ತುಕಡಾ ತಗದಿದ್ದೆ, ಹೇಳದ ಕೇಳದ. ಅದಕ್ಕ ಆಕಿ ನಂದೆಲ್ಲಾ ತಗದ್ಲು. ಇಬ್ಬರದೂ ಸಮಾ ಆತು."

"ಯಾವ ತುಕಡಾ?"

"ಹಳೇ ಮಾತು. ನಿನಗ್ಯಾಕ?"

ನನಗೆ ತಲೆ ಕೆಟ್ಟುಹೋಯಿತು. ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದನ್ನು ಬೇಡ ಅನ್ನುವವರಿಗೆ ಇನ್ನೇನು ತೋರಿಸುವುದು? ಜೀವಮಾನದ ಗೆಳತಿ ದ್ರೋಹ ಮಾಡಿದಳೆಂದು ನಂಬುವುದು ಅವಳಿಗೆ ಸುಲಭ, ಕಂಡವರ ವೆಬ್‌ಸೈಟಿನಿಂದ ಎತ್ತಿ ತಂದ ದೀಪ ಕೆಟ್ಟದ್ದೆಂದು ನಂಬುವುದು ಕಷ್ಟ. ಒದರಾಡಿದೆ. ಅವ್ವ ಎದ್ದು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು.

ಆ ಸಾಫ್ಟ್‌ವೇರ್ ಕಂಪನಿಗೆ ಅವತ್ತೇ ಬರೆದೆ. ನಿಮ್ಮಲ್ಲಿ ಇಂಥ ದೋಷವಿದೆ, ಹೀಗೆ ಮಾಡಿದರೆ ಕಾಣುತ್ತದೆ, ತಕ್ಷಣ ಸರಿಮಾಡಿ ಎಂದು ಹಂತಹಂತವಾಗಿ ವಿವರಿಸಿದೆ. 'ನಿಮ್ಮ ಸಂದೇಶ ತಲುಪಿದೆ, ಪರಿಶೀಲಿಸುತ್ತೇವೆ' ಎಂಬ ಯಂತ್ರದ ಉತ್ತರ ಬಂತು. ಅವರ ಪರಿಶೀಲನೆಗೆ ಕಾಯಬಹುದು, ನನಗೆ ರೂಢಿಯಿದೆ. ಮನೆಯಲ್ಲಿ ಕಾಯುವುದು ಆಗುತ್ತಿರಲಿಲ್ಲ. ಮೌಶಿಯ ಫೋನು ದಿನವೂ ಬಡಿದುಕೊಳ್ಳುವುದು, ಅವ್ವ ದಿನವೂ ಅದರ ಮೇಲೆ ಕೈ ಇಟ್ಟು ಕೂರುವುದು. ಕ್ರಮೇಣ ಫೋನು ಬರುವುದೇ ನಿಂತಿತು. ಆಗ ಇನ್ನೂ ಕೆಟ್ಟದಾಯಿತು. ಬೆಳಗಿನ ಆ ಹೊತ್ತಿಗೆ ಅವ್ವ ಫೋನನ್ನು ಮುಂದಿಟ್ಟುಕೊಂಡು, ಅದು ಬಡಿಯಲಿಲ್ಲವೆಂದು ಮುಖ ಸಣ್ಣ ಮಾಡಿಕೊಂಡು ಏಳುತ್ತಿದ್ದಳು. ಊಟ ಇಳಿಯಿತು. ಪುಸ್ತಕ ತೆರೆಯಲಿಲ್ಲ. ಇಬ್ಬರೂ ಎಪ್ಪತ್ತು ದಾಟಿದವರು, ಇಬ್ಬರಿಗೂ ರಕ್ತದೊತ್ತಡ. ಮಾತು ಬಿಟ್ಟ ಸ್ಥಿತಿಯಲ್ಲೇ ಒಬ್ಬರು ಹೋಗಿಬಿಟ್ಟರೆ? ಈ ಯೋಚನೆ ಬಂದ ದಿನ ನಾನು ಲ್ಯಾಪ್‌ಟಾಪ್ ಚೀಲಕ್ಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿಗೆ ಹೋದೆ. ಶಿಗ್ಗಾವಿಯಲ್ಲಿ ಬಸ್ಸು ಬದಲಿಸಿ ಸವಣೂರು ಮುಟ್ಟುವಾಗ ಮಧ್ಯಾಹ್ನ.

ಮೌಶಿ ಬಾಗಿಲಲ್ಲೇ ನನ್ನ ಕೆನ್ನೆ ಹಿಡಿದು ನೋಡಿದರು. ಸೊರಗಿದ್ದರು. "ನಿಮ್ಮವ್ವ ಆರಾಮದಾಳಿಲ್ಲೋ? ಅಷ್ಟು ಹೇಳು ಮೊದಲು" ಅಂದರು. ಆರಾಮ ಇದ್ದಾಳೆ ಅಂದ ಮೇಲೆಯೇ ಕೂರಿಸಿ, ಖಾರಾ, ಚಹಾ ತಂದಿಟ್ಟರು. ನಾನು ಲ್ಯಾಪ್‌ಟಾಪ್ ತೆರೆದು, ಅವ್ವನಿಗೆ ತೋರಿಸಿದ್ದನ್ನೇ ಅವರಿಗೂ ತೋರಿಸಿದೆ. ಅವರು ತಮ್ಮ ಬೆರಳಿನಿಂದಲೇ ತೆರೆದರು, ಸಾಲುಗಳು ಹೋದವು, ಅವರ ಹೆಸರು ಬಂತು.

"ಹಂಗಾರ ನಾ ಅಳಸಿಲ್ಲ?" ಅಂದರು. ಕಣ್ಣಲ್ಲಿ ನೀರು. "ಅವತ್ತ ಮುಂಜಾನೆ ತಗದೆ, ಆಕೀದೆಲ್ಲಾ ಹೋತು. ನನ್ನ ಬೆರಳು ಎಲ್ಲೆರ ತಾಗಿತೇನೋ ಅಂತ ಹೆದರೇನಿ ಬೇಟಾ. ಹೇಳೂನಂತ ಫೋನ್ ಮಾಡಿದ್ರ ಆಕಿ ಎತ್ತವಲ್ಲಳು. ನನ್ನ ಕೈಲೇ ಆಗಬಾರದ್ದು ಆತು ಅಂತ ಕುಂತಿದ್ದೆ."

ನಾನು ಮೌಶಿಯನ್ನು ತಬ್ಬಿಕೊಂಡು ಕುಳಿತೆ. ಇಷ್ಟು ದಿನ ಈ ಜೀವ ಮಾಡದ ತಪ್ಪಿಗೆ ಬೇಯುತ್ತಿತ್ತು, ಮತ್ತು ನಮ್ಮ ಮನೆಯಲ್ಲಿ ಅವ್ವ ಫೋನು ಮುಚ್ಚುತ್ತಿದ್ದಳು. ಆ ಸಿಟ್ಟಿನಲ್ಲೇ ಕೇಳಿದೆ, "ಅವ್ವ ನಿಮ್ಮದೊಂದು ತುಕಡಾ ತಗದಾಳಂತಲ್ಲ, ಏನದು?"

ಮೌಶಿ ಎಲೆಯಡಿಕೆಯ ತಟ್ಟೆ ಎಳೆದುಕೊಂಡು ಎಲೆಗೆ ಸುಣ್ಣ ಹಚ್ಚಿದರು.

"ನೀ ಹುಟ್ಟಿದಾಗಿಂದು. ನಿಮ್ಮವ್ವನ ಅವ್ವ ಕಾಲ ಮುರಕೊಂಡು ತಿಳವಳ್ಳ್ಯಾಗ ಹಾಸಿಗಿ ಹಿಡಿದಿದ್ರು, ಬರೂವಂಗಿದ್ದಿಲ್ಲ. ನಿಮ್ಮಪ್ಪನ ಅವ್ವ ಮಡಿ ಹೆಂಗಸು. ಪುರುಡು ಕಳಿಯೂತನಕಾ ಬಾಣಂತಿ ಖೋಲಿಗೆ ಕಾಲ ಇಡತಿದ್ದಿಲ್ಲ. ನಿಮ್ಮವ್ವಗ ಜ್ವರ ಬ್ಯಾರೆ. ಹಿಂಗಾಗಿ ನಾ ಬರತಿದ್ದೆ. ಎಣ್ಣಿ ಹಚ್ಚಿ, ಇಬ್ಬರಿಗೂ ನೀರ ಹಾಕಿ, ಲೋಬಾನ ಕೊಟ್ಟು, ನಿನಗ ಕುಂಚಿಗಿ ಕಟ್ಟಿ ಮಲಗಿಸಿ ನಮ್ಮನಿಗೆ ಹೋಗತಿದ್ದೆ. ಹೋಗಿ ಕುಂತ ಕೂಡ್ಲೆ ಗ್ವಾಡಿ ಆಚೆ ನೀರ ಸುರಿಯೂ ಸಪ್ಪಳ. ನಾ ಕುಂತ ಜಾಗಾ, ನಾ ನಡದ ಜಾಗಾ ತೊಳಸತಿದ್ರು. ದಿನಾ. ಗ್ವಾಡಿ ಒಂದಽ ಇತ್ತಲ್ಲ, ಎಲ್ಲಾ ಕೇಳಸತಿತ್ತು."

"ಅವ್ವ?"

"ಆಕಿ ಒಳಗ ಮಲಗಿದ್ಲು. ಆಕಿಗೂ ಕೇಳಸತಿತ್ತು."

"ಮತ್ತ ಮರುದಿನ ಯಾಕ ಹೋಗತಿದ್ರಿ ನೀವು?"

"ಕೂಸಿಗೆ ನೀರ ಹಾಕಬೇಕಿತ್ತಲ್ಲ" ಅಂದರು, ಇದೇನು ಕೇಳುವ ಮಾತೇ ಎಂಬಂತೆ.

ನಾನು ಚಹಾದ ಕಪ್ಪು ಕೆಳಗಿಟ್ಟೆ. ಮೌಶಿ ನನ್ನ ಬೆನ್ನು ಸವರಿ, "ಬೈದು ಬರದಿದ್ದಿಲ್ಲ ಬೇಟಾ. ಬಾಣಂತನದ ಬುಕ್ಕು ಅಂದಮ್ಯಾಲೆ ಆ ನೀರಿನ ಸಪ್ಪಳಾನೂ ಇರಬೇಕು ಅನಸ್ತು. ಎರಡ ಮಾತಿನ್ಯಾಗ ಬರದಿದ್ದೆ. ಆಕಿ ತಗದ್ಲು. ತಗೀಲಿ ಬಿಡು, ನಾ ಕೇಳೂ ಇಲ್ಲ" ಅಂದರು.

ಆಗ ನನಗೆ ಅವ್ವನ ಹಟ ಅರ್ಥವಾಯಿತು. ಮೌಶಿ ಅಳಿಸಿದ್ದಾರೆ ಎಂದಾದರೆ ಅವಳು ಅಳಿಸಿದ್ದಕ್ಕೆ ಉತ್ತರ ಸಿಕ್ಕಿತು, ಇಬ್ಬರೂ ಒಂದೇ. ಮೌಶಿ ಅಳಿಸಿಲ್ಲ ಎಂದಾದರೆ ಅಳಿಸಿದವಳು ತಾನೊಬ್ಬಳೇ ಆಗುತ್ತಾಳೆ. ಆ ಖೋಲಿಯಲ್ಲಿ ನೀರಿನ ಸದ್ದು ಕೇಳುತ್ತ ಬಾಯಿ ಬಿಡದೆ ಮಲಗಿದ ಬಾಣಂತಿಯೂ ತಾನೊಬ್ಬಳೇ. ಅವಳಿಗೆ ಮೌಶಿಯ ತಪ್ಪು ಬೇಕಾಗಿತ್ತು. ಅನ್ನಕ್ಕಿಂತ ಹೆಚ್ಚಾಗಿ ಬೇಕಾಗಿತ್ತು.

ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಮೌಶಿಗೆ ಹೇಳಬೇಕಾದ ಅಗತ್ಯವೂ ಇರಲಿಲ್ಲ. ಎಲೆ ಬಾಯಿಗೆ ಹಾಕಿಕೊಂಡು, ತರಕಾರಿ ತರುವುದಕ್ಕೆ ಹೇಳುವಷ್ಟು ಸಲೀಸಾಗಿ ಅಂದರು: "ಒಂದ ಕೆಲಸ ಮಾಡು. ಮನಿಗೆ ಹೋಗಿ ನಿನ್ನ ಫೋನಿಂದ ನನಗ ಹಚ್ಚು. ಆಕಿ ಕೈಯಾಗ ಕೊಡು. ನಾನಽ ಅಳಸೇನಿ ಅಂತ ಹೇಳ್ತೇನಿ."

"ಏನ್ ಮಾತಾಡ್ತೀರಿ ಮೌಶಿ! ನೀವು ಅಳಸಿಲ್ಲ. ನನ್ನ ಹತ್ರ ರುಜುವಾತದ."

"ನಿನ್ನ ರುಜುವಾತು ನೀ ಇಟಗೋ. ನಾ ತಪ್ಪು ಮಾಡೇನಿ ಅಂದ್ರ ಆಕಿ ಬೈದರ ಬೈತಾಳ, ಮಾತಾಡ್ತಾಳ. ತಾನಽ ತಪ್ಪು ಮಾಡೇನಿ ಅಂತ ಗೊತ್ತಾತು ಅಂದ್ರ ಸಾಯೂತನಕಾ ನನ್ನ ಮುಖಾ ನೋಡೂದಿಲ್ಲ. ಆಕಿ ಸ್ವಭಾವ ನಿನಗಿಂತಾ ನನಗ ಗೊತ್ತೈತಿ."

ನಾನು ಜಗಳಾಡಿದೆ. ಇದು ಅನ್ಯಾಯ ಅಂದೆ. ಅವರು ನಕ್ಕರು. "ಈ ವಯಸ್ಸಿನ್ಯಾಗ ನನಗ ನ್ಯಾಯ ತಗೊಂಡು ಏನ್ ಮಾಡೂದೈತಿ? ಮುಂಜಾನೆದ್ದು ಮಾತಾಡಾಕ ಆಕಿ ಬೇಕು."

ಮರಳಿ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಕುಳಿತು ನಿಶ್ಚಯ ಮಾಡಿದೆ: ಫೋನು ಹಚ್ಚುವುದಿಲ್ಲ. ಮನೆಗೆ ಹೋಗಿ ಎಲ್ಲವನ್ನೂ ಅವ್ವನ ಮುಖದ ಮೇಲೆ ಹೇಳುತ್ತೇನೆ, ನೀರಿನ ಸಪ್ಪಳ ಸಮೇತ. ಮನೆಯ ಬಾಗಿಲು ತೆಗೆದರೆ ಅವ್ವ ಅಲ್ಲೇ ನಿಂತಿದ್ದಳು. ಮಧ್ಯಾಹ್ನದ ಅನ್ನ ಮುಚ್ಚಿದ್ದು ಮುಚ್ಚಿದಂತೆ ಇತ್ತು. ಕೈಕಾಲು ತೊಳೆ ಅನ್ನಲಿಲ್ಲ, ಎಲ್ಲಿಗೆ ಹೋಗಿದ್ದಿ ಅನ್ನಲಿಲ್ಲ. "ಏನಂದ್ಲು?" ಅಂದಳು. ನಾನು ಎಲ್ಲಿಗೆ ಹೋಗಿದ್ದೆನೆಂದು ಹೇಳದೆಯೇ ಅವಳಿಗೆ ಗೊತ್ತಾಗಿತ್ತು, ಉಣ್ಣದೆ ಕಾದಿದ್ದಳು. ನನ್ನ ನಿಶ್ಚಯವೆಲ್ಲ ಅಲ್ಲೇ ಕರಗಿತು. ಫೋನು ಹಚ್ಚಿ, ಸ್ಪೀಕರಿಗೆ ಹಾಕಿ, ಟೇಬಲ್ಲಿನ ಮೇಲೆ ಇಟ್ಟೆ.

"ಏನ ಲೇ, ನನ್ನ ಫೋನು ಯಾಕ ಎತ್ತವಲ್ಲಿ?" ಮೌಶಿಯ ಧ್ವನಿ.

ಅವ್ವ ಫೋನನ್ನು ತನ್ನ ಕಡೆ ಎಳೆದುಕೊಂಡಳು.

"ತಪ್ಪಾತು ಬಿಡು. ಸಿಟ್ಟಿನ್ಯಾಗ ಇದ್ದೆ. ನಾನಽ ಅಳಸೇನಿ."

ಅವ್ವ ತಲೆ ಎತ್ತಿ ನನ್ನನ್ನು ನೋಡಿದಳು. ಗೆದ್ದವರ ನೋಟ ಅಲ್ಲ ಅದು; ಮುಳುಗುತ್ತಿದ್ದವರಿಗೆ ಕಾಲಿಗೆ ನೆಲ ಸಿಕ್ಕಿದಂತೆ ಇತ್ತು. ಆಮೇಲೆ ಮುಖ ಗಂಟಿಕ್ಕಿಕೊಂಡು, ಶಾಲೆಯಲ್ಲಿ ಹುಡುಗರಿಗೆ ಹೇಳುತ್ತಿದ್ದ ಧಾಟಿಯಲ್ಲಿ, "ನನಗ ಅವತ್ತಽ ಗೊತ್ತಿತ್ತು. ಇಷ್ಟು ವರ್ಷದ ಮ್ಯಾಲೆ ಹಿಂಗ ಮಾಡೋದೇನು? ಇರ್ಲಿ. ನಾ ಮನಸಿನ್ಯಾಗ ಇಟಗೊಂಡಿಲ್ಲ. ಕ್ಷಮಾ ಮಾಡೇನಿ" ಅಂದಳು.

"ದೊಡ್ಡ ಮನಸು ನಿಂದು" ಅಂದರು ಮೌಶಿ. ಆ ಮಾತಿನಲ್ಲಿ ಚುಚ್ಚು ಇದೆಯೇ ಎಂದು ನಾನು ಕಿವಿಗೊಟ್ಟು ಹುಡುಕಿದೆ. ಒಂದು ಎಳೆಯೂ ಇರಲಿಲ್ಲ. ಎರಡು ನಿಮಿಷದಲ್ಲಿ ಇಬ್ಬರೂ ಹಿರೇಕೆರೂರಿನ ಕಡೆ ಒಂದು ಹಳ್ಳಿಯಲ್ಲಿ ಕೇಳಿದ ತೊಟ್ಟಿಲ ಹಾಡಿನ ಬಗ್ಗೆ ವಾದಕ್ಕೆ ಬಿದ್ದಿದ್ದರು. ನಾನು ಒಳಗೆ ಹೋಗಿ ನೀರಿನ ನಲ್ಲಿ ಬಿಟ್ಟುಕೊಂಡು ಅತ್ತೆ.

ಅವ್ವ ಅವತ್ತು ಹೊಟ್ಟೆ ತುಂಬ ಉಂಡಳು. ಮರುದಿನ ಬೆಳಿಗ್ಗೆ ಪುಸ್ತಕ ತೆರೆದು ಕುಳಿತವಳು ನನ್ನನ್ನು ಕೂಗಿದಳು. "ಆಕಿಗೆ ಇದು ಬರೇ ಓದ್ಲಿಕ್ಕೆ ಬರೂವಂಗ ಮಾಡ್ಲಿಕ್ಕೆ ಆಗ್ತದೇನು? ಬರೀಲಿಕ್ಕೆ, ಅಳಸ್ಲಿಕ್ಕೆ ಬರಬಾರದು."

ನನಗೆ ತಪ್ಪಿ ಕೇಳಿಸಿತೇನೋ ಅನ್ನಿಸಿತು. "ಕ್ಷಮಾ ಮಾಡೇನಿ ಅಂದ್ಯಲ್ಲ?"

"ಮಾಡೇನಿ. ಆದರೂ ಹುಷಾರಿರಬೇಕಲ್ಲ. ತಾನಽ ಒಪ್ಪಿಕೊಂಡಾಳ. ಇನ್ನ ಮ್ಯಾಲೆ ಆಕಿ ಫೋನಿನ್ಯಾಗ ಹೇಳ್ಲಿ, ನಾ ಬರೀತೇನಿ."

ಎಂದೂ ಕೂಗದ ಹಾಗೆ ಕೂಗಿದೆ. ಆ ಕೆಲಸ ನನ್ನ ಕೈಯಿಂದ ಆಗುವುದಿಲ್ಲ ಎಂದೆ. ಸವಣೂರಿನಲ್ಲಿ ಕೇಳಿದ್ದು ನಾಲಿಗೆಯ ತುದಿಗೆ ಬಂತು. ಮೌಶಿಯ ಮುಖ ನೆನಪಾಗಿ ನುಂಗಿದೆ. ಹೇಳಿದ್ದರೆ ಮೌಶಿ ತಲೆ ಬಗ್ಗಿಸಿ ಕೊಂಡುಕೊಂಡ ದಿನಬೆಳಗಿನ ಮಾತುಕತೆ ಮತ್ತೆ ನಿಲ್ಲುತ್ತಿತ್ತು. ಅವ್ವ ನನ್ನ ಕಡೆ ನೋಡದೆ ಕನ್ನಡಕ ಏರಿಸಿಕೊಂಡು ಕುಳಿತಳು. ಸಾಫ್ಟ್‌ವೇರಿನ ಲೆಕ್ಕದಲ್ಲಿ ಆ ಪುಸ್ತಕದ ಒಡತಿ ಅವಳೇ. ಎಲ್ಲಿ ಒತ್ತಬೇಕೆಂದು ತಾನೇ ಹುಡುಕಿಕೊಂಡಳು. ವಿದ್ಯಾರ್ಥಿನಿಯಾಗಿ ಅವಳು ಯಾವತ್ತೂ ಜಾಣೆ.

ಎರಡು ದಿನ ಬಿಟ್ಟು ಮೌಶಿ ನನಗೆ ಫೋನು ಮಾಡಿದರು. ಅವ್ವ ಗುಡಿಗೆ ಹೋಗಿದ್ದಳು. ನನ್ನ ಎದುರಿನ ಪರದೆಯ ಮೇಲೆ ಆ ಸಾಫ್ಟ್‌ವೇರ್ ಕಂಪನಿಯ ಮೇಲ್ ತೆರೆದಿತ್ತು: ನೀವು ತಿಳಿಸಿದ ದೋಷವನ್ನು ಪೂರ್ತಿ ಸರಿಪಡಿಸಲಾಗಿದೆ, ಧನ್ಯವಾದಗಳು.

"ಬೇಟಾ, ಮುಂಜಾನಿಂದ ನೋಡಾಕತ್ತೇನಿ, ಓದಾಕ ಬರತೈತಿ, ಬರಿಯಾಕ ಬರವಲ್ದು. ಎಲ್ಲಿ ಒತ್ತಿದ್ರೂ ಅಕ್ಷರ ಬೀಳವಲ್ದು. ನಾ ಏನರ ತಪ್ಪು ಮಾಡೇನೇನು?"

"ಇಲ್ರಿ ಮೌಶಿ, ನೀವೇನೂ ಮಾಡಿಲ್ಲ. ಸಾಫ್ಟ್‌ವೇರಿನ್ಯಾಗ ದೋಷ ಅದ" ಅಂದೆ.

"ಆ ದೀಪದ್ದಽ ಏನು?"

"ಹೌದ್ರಿ, ಅದರದ್ದಽ."

"ಹಂಗಾರ ಸರಿ ಆಗೂತನಕಾ ತಡೀತೇನಿ ಬಿಡು" ಅಂದರು. ಈಗಲೂ ನಡುನಡುವೆ ಫೋನು ಮಾಡಿ, ಸರಿಯಾಯಿತೇನು ಎಂದು ಕೇಳುತ್ತಾರೆ. ಇನ್ನೂ ಇಲ್ಲ ಅನ್ನುತ್ತೇನೆ.